ದೀಪ ಹಚ್ಚುವ ಮೊದಲು

‘ಆಯ್ತು ಸಾರ್’ ಎಂದು ತಾನು ಅಂದದ್ದು ನಿಜವೇ, ಇಲ್ಲ ರಾತ್ರಿ ಪಾಳಿ ಮುಗಿಸಿ ನಿದ್ದೆಯಿಲ್ಲದೆ ಬಂದ ತಲೆ ಅದನ್ನು ತಾನೇ ಕಟ್ಟಿಕೊಂಡಿತೇ ಎಂದು ನಂದೀಶ ತಂಗಿಯ ಹಿಂದೆ ನಡೆಯುತ್ತ ಮತ್ತೆ ಕೇಳಿಕೊಂಡ. ನಿಜವೇ. ಅಂದಿದ್ದ. ಆ ಎರಡು ಮಾತು ಬಾಯಿಂದ ಬಿದ್ದಾಗ ಎದುರಿನ ಸೋಫಾದಲ್ಲಿದ್ದ ಮನುಷ್ಯನ ಮುಖ ಹಗುರಾದದ್ದನ್ನೂ ಕಂಡಿದ್ದ. ಬೇಗೂರಿನಾಚೆಯ ಈ ರಸ್ತೆಯಲ್ಲಿ ಗಣೇಶನನ್ನು ಕೆರೆಗೆ ಬಿಟ್ಟು ಬಂದ ಮೇಲೂ ಯಾರೂ ಬಿಚ್ಚದ ಪೆಂಡಾಲಿನ ಗಳಗಳು ನಿಂತಿದ್ದವು; ಅವುಗಳ ನಡುವೆ ಅಮೂಲ್ಯಾ ಬೆನ್ನು ನೆಟ್ಟಗೆ ಮಾಡಿಕೊಂಡು, ಎಡಬಲದ ಗೇಟುಗಳನ್ನು ನೋಡುತ್ತ, ಏನೂ ಆಗಿಲ್ಲವೆಂಬಂತೆ ನಡೆಯುತ್ತಿದ್ದಳು. ಆ ನೆಟ್ಟಗಿನ ಬೆನ್ನಿನ ಮೇಲೆ ಅವನಿಗೆ ಸಿಟ್ಟು ಬಂದಿತ್ತು. ನಾಳೆ ಬೆಳಿಗ್ಗೆ ಅವಳಿಗೆ ಕಾಲೇಜಿನ ಮೊದಲ ಕ್ಲಾಸು. ಹಾಸ್ಟೆಲ್ಲು ತುಂಬಿದೆ. ಜಿಗಣಿಯ ಅವನ ರೂಮಿನಲ್ಲಿ ನಾಲ್ಕು ಗಂಡಸರು ಪಾಳಿಯ ಪ್ರಕಾರ ಒಬ್ಬರೆದ್ದ ಚಾಪೆಯ ಮೇಲೆ ಇನ್ನೊಬ್ಬರು ಮಲಗುತ್ತಾರೆ. ಸಂಜೆಯೊಳಗೆ ಎಲ್ಲಾದರೂ ಒಂದು ಬಾಗಿಲು ತೆರೆಯದಿದ್ದರೆ ಅವಳನ್ನು ಮಧುಗಿರಿಯ ಬಸ್ಸು ಹತ್ತಿಸಬೇಕು. ಹತ್ತಿಸಿದರೆ ಮತ್ತೆ ಇಳಿಸಿಕೊಳ್ಳುವುದು ಸುಳ್ಳು. ‘ಉಳಿಯೋಕೆ ಜಾಗ ಇಲ್ಲದ ಊರಲ್ಲಿ ಹುಡುಗಿಗೇನು ಓದು’ ಎಂದು ಚಿಕ್ಕಪ್ಪ ಆಗಲೇ ಅಮ್ಮನ ಕಿವಿ ತುಂಬಿದ್ದಾನೆ. ಇಷ್ಟೆಲ್ಲ ಗೊತ್ತಿದ್ದೂ ಕೈಗೆ ಬಂದ ರೂಮನ್ನು ಅವಳು ಬೇಡವೆಂದು ಎದ್ದು ಬಂದಿದ್ದಳು.

ಕೈಗೆ ಬಂದಿತ್ತು, ಅದರಲ್ಲಿ ಅನುಮಾನವಿಲ್ಲ. ಬೆಳಗಿನಿಂದ ಸುತ್ತಿದ ಪೀಜಿಗಳಂತಲ್ಲ. ಅಲ್ಲೆಲ್ಲ ‘ಜೆಂಟ್ಸ್ ಇಲ್ಲೇ ನಿಲ್ಲಿ’ ಎಂದು ಅವನನ್ನು ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಲ್ಲಿಸಿ ಅವಳೊಬ್ಬಳನ್ನೇ ಒಳಗೆ ಕರೆದೊಯ್ದು, ಕಿಟಕಿಯಿಲ್ಲದ ಕೋಣೆಗಳಲ್ಲಿ ಒಂದರ ಮೇಲೊಂದು ಪೇರಿಸಿದ ಮಂಚಗಳನ್ನು ತೋರಿಸಿದ್ದರು. ಉಪೇಂದ್ರ ಎಂಬ ಈ ಮನುಷ್ಯ ಸರ್ಕಾರಿ ಕಾರ್ಖಾನೆಯಿಂದ ನಿವೃತ್ತನಾದವನು. ಅವನಂಥವರೇ ಕಟ್ಟಿಕೊಂಡ ಲೇಔಟು, ಮನೆಯ ಮುಂದೆ ದಾಸವಾಳ, ಮಹಡಿಯ ಮೇಲೆ ಗಾಳಿ ಬೆಳಕಿನ ಒಂದು ಕೋಣೆ. ಇಬ್ಬರನ್ನೂ ಒಳಗೆ ಕೂರಿಸಿದ. ಕಾಫಿ ತರಿಸಿದ. ಅಮೂಲ್ಯಾಳಿಗೆ ಪಿಂಗಾಣಿ ಕಪ್ಪಿನಲ್ಲಿ ಬಂತು, ನಂದೀಶನಿಗೆ ಕಾಗದದ ಲೋಟದಲ್ಲಿ. ಕಪ್ಪುಗಳು ಕಡಿಮೆ ಬಿದ್ದಿರಬೇಕು ಎಂದು ಅವನು ತನಗೆ ತಾನೇ ಹೇಳಿಕೊಂಡ, ಶೋಕೇಸಿನಲ್ಲಿ ಸಾಲಾಗಿ ಕೂತ ಕಪ್ಪುಗಳನ್ನು ನೋಡುತ್ತಲೇ.

“ಗಾರ್ಡಿಯನ್ ಯಾರಮ್ಮ?”

“ಇವನೇ ಸರ್, ನಮ್ಮಣ್ಣ.”

“ಏನು ಮಾಡ್ಕೊಂಡಿದೀಯಪ್ಪ?”

“ಜಿಗಣೀಲಿ ಫೌಂಡ್ರಿ ಸಾರ್. ಫರ್ನೇಸ್ ಮೇಲೆ.”

“ಡಿಪ್ಲೊಮಾನಾ?”

“ಒಂಬತ್ತನೇ ಕ್ಲಾಸು.”

ಉಪೇಂದ್ರ ತಲೆದೂಗಿದ. ಅವನ ದನಿಯಲ್ಲಿ ಕೊಂಕಿರಲಿಲ್ಲ, ಅದೇ ಹೆಚ್ಚು ಉರಿಯಿತು. “ಮುಚ್ಚುಮರೆ ಇಲ್ಲದೆ ಹೇಳಿದೆ, ಸಂತೋಷ. ನಾನೂ ಫ್ಯಾಕ್ಟರಿಯಲ್ಲೇ ಜೀವ ಸವೆಸಿದವನು. ಹುಡುಗಿ ನಮಗೆ ಒಪ್ಪಿಗೆ. ಆದ್ರೆ ಒಂದೇ ಮಾತು ಕಣಪ್ಪ, ನೀನು ಇಲ್ಲಿಗೆ ಬಂದು ಹೋಗೋದು ಮಾತ್ರ ಬೇಡ. ಎಲ್ಲ ಫ್ಯಾಮಿಲಿಗಳಿರೋ ಜಾಗ. ತಂಗೀನ ನೋಡ್ಬೇಕು ಅನ್ಸಿದ್ರೆ ಬಸ್ ಸ್ಟಾಪ್ ಇದೆಯಲ್ಲ, ಅಲ್ಲೇ ನೋಡ್ಕೊಂಡು ಹೋಗು. ತಪ್ಪು ತಿಳ್ಕೋಬೇಡ.”

ನಂದೀಶನ ಕಣ್ಣೆದುರು ಕಾಗದದ ಲೋಟ ಆ ಮನುಷ್ಯನ ಬಿಳಿ ಅಂಗಿಯ ಮೇಲೆ ಬಡಿದು ಕಾಫಿ ಹರಿಯಿತು, ಶೋಕೇಸಿನ ಗಾಜು ಪುಡಿಯಾಯಿತು, ದಾಸವಾಳದ ಕುಂಡ ರಸ್ತೆಗೆ ಬಿತ್ತು. ಇವೆಲ್ಲ ನಡೆದು ಮುಗಿದ ಮೇಲೆ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದ ಅವನ ಬಾಯಿ “ಆಯ್ತು ಸಾರ್” ಎಂದಿತು. ಅಮೂಲ್ಯಾ ಒಂದು ಗುಟುಕೂ ಕುಡಿಯದ ಕಪ್ಪನ್ನು ಟೀಪಾಯಿಯ ಮೇಲೆ ಸದ್ದಾಗದಂತೆ ಇಟ್ಟಳು. “ಬೇಡ ಸರ್. ಇಷ್ಟು ಹೊತ್ತು ಕೂರಿಸಿಕೊಂಡ್ರಿ, ಥ್ಯಾಂಕ್ಸ್” ಅಂದಳು. ಎದ್ದಳು. ಚಪ್ಪಲಿ ಮೆಟ್ಟಿದಳು. ಗೇಟಿನ ಚಿಲಕವನ್ನು ಹೊರಗಿನಿಂದ ತಾನೇ ಹಾಕಿದಳು, ದನ ಒಳಗೆ ನುಗ್ಗಿ ಗಿಡ ಮೇಯದಿರಲಿ ಎಂಬಷ್ಟು ಎಚ್ಚರದಿಂದ.

“ಯಾಕೆ ಬೇಡ ಅಂದೆ?” ಅವನು ಕೊನೆಗೂ ಕೇಳಿದ.

“ನೀನ್ಯಾಕೆ ಆಯ್ತು ಅಂದೆ?”

“ರೂಮು ಬೇಕಿತ್ತು ಕಣೇ.”

“ನಂಗೂ ಬೇಕಿತ್ತು.”

“ಮತ್ತೆ? ಏನ್ ದೊಡ್ಡ ಇವಳು ನೀನು?”

ಅವಳು ನಿಂತು ತಿರುಗಿದಳು. “ಬಸ್ ಸ್ಟಾಪಲ್ಲಿ ನಿಂತು ನೋಡ್ಕೊಂಡು ಹೋಗೋಕೆ ನೀನೇನು ನನ್ ಹಿಂದೆ ಬಿದ್ದಿರೋ ಹುಡುಗನೇನೋ ಅಣ್ಣ?” ಅಂದು ನಕ್ಕಳು. ನಕ್ಕಾಗ ಅವಳ ಕೆಳತುಟಿ ನಡುಗಿತು. ಅದನ್ನು ಅವನು ಕಾಣಬಾರದೆಂದು ಅವಳು ಮತ್ತೆ ತಿರುಗಿ ಬೇಗ ನಡೆದಳು. ಕಂಡಿದ್ದ. ಇವಳಿಗೆ ಇದು ಎಲ್ಲಿಂದ ಬಂತು? ತನಗೆ ಬಂದದ್ದು ಬರೀ ಬೆಂಕಿ. ಹೊತ್ತಿಕೊಂಡರೆ ಮನೆ ಸುಡುವಂಥದ್ದು, ಅದುಮಿದರೆ ‘ಆಯ್ತು ಸಾರ್’ ಎಂದು ಹೊಗೆಯಾಡುವಂಥದ್ದು. ಒಂಬತ್ತನೇ ಕ್ಲಾಸಿನಲ್ಲಿ, ಎಲ್ಲರಿಗಿಂತ ಮೊದಲು ಸ್ಕೂಲಿಗೆ ಬರುತ್ತಾನೆಂಬ ಒಂದೇ ಕಾರಣಕ್ಕೆ ಅವನ ಕೈಗೆ ಸ್ಟಾಫ್ ರೂಮಿನ ಪೊರಕೆ ಬಂದಿತ್ತು. ದಿನಾ ಗುಡಿಸುತ್ತಿದ್ದ. ಒಂದು ದಿನ ಮೇಷ್ಟ್ರೊಬ್ಬರು ಕುರ್ಚಿಯಿಂದ ಕಾಲನ್ನೂ ಎತ್ತದೆ ‘ಇಲ್ಲಿ ಬಿಟ್ಯಲ್ಲೋ’ ಎಂದು ಹೆಬ್ಬೆರಳಿನಲ್ಲಿ ತೋರಿಸಿದಾಗ ಪೊರಕೆಯನ್ನು ಮೇಜಿನ ಮೇಲೆ, ತೆರೆದಿಟ್ಟ ಊಟದ ಡಬ್ಬಿಯ ಪಕ್ಕದಲ್ಲೇ ಎಸೆದು ನಡೆದುಬಿಟ್ಟ. ಯಾರೂ ವಾಪಸ್ಸು ಕರೆಯಲಿಲ್ಲ. ಅವನು ಕಾಯುತ್ತಿದ್ದ, ಕೆರೆ ಏರಿಯ ಮೇಲೆ ಕೂತು, ಯಾರಾದರೂ ಕರೆಯಲು ಬರುತ್ತಾರೆಂದು. ಬಂದದ್ದು ಆಗ ಎರಡನೇ ಕ್ಲಾಸಿನಲ್ಲಿದ್ದ ಇದೇ ತಂಗಿ ಅಮ್ಮು, ಒಂದು ಹೆಗಲಿಗೆ ತನ್ನ ಚೀಲ, ಇನ್ನೊಂದು ಹೆಗಲಿಗೆ ಅವನದು, ಅವನ ಚೀಲ ಅವಳ ಮೊಣಕಾಲಿಗೆ ಬಡಿಯುತ್ತಿತ್ತು. ಚೀಲ ಪಕ್ಕದಲ್ಲಿಟ್ಟು ಕೂತಳು, ಅಷ್ಟೇ. ಈಗ ಅವನ ಹೆಗಲಿನ ಮೇಲೆ ಅವಳ ಬಟ್ಟೆಯ ಚೀಲ. ಫೌಂಡ್ರಿಯಿಂದ ನೇರ ಬಂದದ್ದರಿಂದ ತನ್ನ ಊಟದ ಡಬ್ಬಿಯೂ ಅದರೊಳಗೇ ಇದ್ದು ನಡೆದಂತೆಲ್ಲ ಲೊಟಲೊಟ ಅನ್ನುತ್ತಿತ್ತು.

ಬೋರ್ಡು ಕಂಡದ್ದು ಅವಳಿಗೆ. ಲೈಟು ಕಂಬಕ್ಕೆ ತಂತಿಯಲ್ಲಿ ಬಿಗಿದ ತಗಡು: ‘ಮನೆ ಬಾಡಿಗೆಗೆ ಇದೆ. ಬಂದು ಕೇಳಿ. ಫೋನ್ ಮಾಡಬೇಡಿ.’ ನಂಬರನ್ನೇ ಹಾಕಿರಲಿಲ್ಲ. ಬಾಣದ ಗುರುತು ಹಿಡಿದು ಹೋದರೆ ಎರಡು ಆಳೂ ಜೊತೆಯಾಗಿ ನಡೆಯಲಾಗದ ಓಣಿ, ಲೇಔಟುಗಳು ಬರುವ ಮೊದಲಿದ್ದ ಹಳೇ ಊರಿನ ಓಣಿ. ಕೊನೆಯಲ್ಲಿ ನಾಲ್ಕು ಮಹಡಿಯ ಕಟ್ಟಡ, ಬಣ್ಣ ಮುಂದಿನ ಗೋಡೆಗೆ ಮಾತ್ರ. ಕೆಳಗೆ ಸ್ಕೂಟರುಗಳ ಸಾಲು, ಸಾಲಿನ ಕೊನೆಯಲ್ಲಿ ಕಂಬಕ್ಕೆ ಕಟ್ಟಿದ ಒಂದು ಹಸು. ಅದು ಒಂದು ಹೆಲ್ಮೆಟ್ಟಿನ ಪಟ್ಟಿಯನ್ನು ಮೆಲ್ಲುತ್ತಿತ್ತು. ಅದರ ಬಾಯಿಂದ ಪಟ್ಟಿಯನ್ನು ಎಳೆಯುತ್ತ, ಹಸುವನ್ನೂ ಹೆಲ್ಮೆಟ್ಟಿನ ಒಡೆಯನನ್ನೂ ಒಟ್ಟಿಗೆ ಬೈಯುತ್ತ ನಿಂತಿದ್ದವಳು ಮನೆಯೊಡತಿ ಚಿಕ್ಕಮುನಿಯಮ್ಮ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಗಿಡ್ಡ ಮುದುಕಿ.

“ಯಾರ್ ಬೇಕು?”

“ಬೋರ್ಡ್ ನೋಡ್ಕೊಂಡು ಬಂದ್ವಿ ಅಜ್ಜಿ” ಎಂದಳು ಅಮೂಲ್ಯಾ. “ರೂಮು ನನಗೇ. ಕಾಲೇಜಿಗೆ ಸೇರಿದೀನಿ.”

“ಏನ್ ಓದ್ತೀಯ?”

“ಇಂಜಿನಿಯರಿಂಗು.”

“ಎಲ್ಲಾರೂ ಅದೇಯ. ಮೇಲ್ಗಡೆ ಮಾಡಿ ತುಂಬಾ ಅವ್ರೇ ಅವ್ರೆ, ನೀರಿನ ಮೋಟ್ರು ನಿಂತ್ರೆ ಅಜ್ಜೀ ಅಂತ ನನ್ನ ಕೂಗ್ತಾರೆ.” ಮುದುಕಿ ನಂದೀಶನ ಕಡೆ ಗಲ್ಲ ಎತ್ತಿದಳು. “ಇವ್ನ್ಯಾರು? ಮಾತಾಡಾಕಿಲ್ವಾ?”

ಹೊಡೆತ ಬೀಳುವ ಮೊದಲೇ ಬೆನ್ನು ಕೊಡುವವನಂತೆ ಅವನು ಒಂದೇ ಉಸಿರಿಗೆ ಹೇಳಿಬಿಟ್ಟ. “ಅವಳ ಅಣ್ಣ. ಒಂಬತ್ತನೇ ಕ್ಲಾಸು. ಜಿಗಣಿ ಫೌಂಡ್ರೀಲಿ ಕೆಲಸ. ನಾನೇನು ಇಲ್ಲಿಗೆ ಬಂದು ಹೋಗಿ ಮಾಡಲ್ಲ, ತೊಂದರೆ ಇಲ್ಲ.”

“ಬರಾಕಿಲ್ವಾ?” ಚಿಕ್ಕಮುನಿಯಮ್ಮನ ಕೈಯಲ್ಲಿನ ಹೆಲ್ಮೆಟ್ಟು ನಿಂತಿತು. “ಅಂಗಾದ್ರೆ ಮನೆ ಇಲ್ಲ, ಓಗು. ಬೆಳ್ದ ಉಡ್ಗೀನ ತಂದು ಬುಟ್ಟು ತಿರುಗಿ ನೋಡ್ದಂಗೆ ಓಗಾಕೆ ಇದೇನು ಬಸ್ ಸ್ಟ್ಯಾಂಡಾ? ವಾರಕ್ಕೊಂದು ಕಿತ ಬಂದು ಮಕ ತೋರುಸ್ಬೇಕು. ಬಂದಾಗ ಮೋಟ್ರೂ ನೋಡ್ಬೇಕು. ಫೌಂಡ್ರಿಯವ್ನು ಅಂತೀಯ, ಒಂದ್ ಮೋಟ್ರು ನೋಡಾಕಾಗಕ್ಕಿಲ್ವಾ?”

ಅಮೂಲ್ಯಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೇಬಿಟ್ಟಳು. ನಂದೀಶ ಎಲ್ಲಿ ನೋಡಬೇಕೆಂದು ತಿಳಿಯದೆ ಹಸುವನ್ನು ನೋಡಿದ. ಬೆಳಗಿನಿಂದ ಹಲ್ಲು ಕಚ್ಚಿ ಹಿಡಿದದ್ದು ಇನ್ನೊಂದು ಅವಮಾನಕ್ಕೆ ತಯಾರಾಗಿ ನಿಂತಿತ್ತು, ಅವಮಾನ ಬರಲಿಲ್ಲ. ಅದು ಬಾರದೆ ಹೋದಾಗ ಹೇಗೆ ನಿಲ್ಲಬೇಕೆಂದು ಅವನ ಮೈಗೆ ಗೊತ್ತಿರಲಿಲ್ಲ.

ರೂಮು ಎರಡನೇ ಮಹಡಿಯ ಮೂಲೆಯಲ್ಲಿತ್ತು. ಒಂದು ಕಿಟಕಿ, ಅಡಿಗೆಗೆ ಒಂದು ಕಲ್ಲುಚಪ್ಪಡಿ, ಒಳಗಿನಿಂದ ಗಟ್ಟಿಯಾಗಿ ಬೀಳುವ ಚಿಲಕ. ಚಿಲಕವನ್ನು ಅವನು ಮೂರು ಸಲ ಹಾಕಿ ತೆಗೆದ. ಚಿಕ್ಕಮುನಿಯಮ್ಮ ಬಾಗಿಲಲ್ಲೇ ನಿಂತು ಷರತ್ತು ಹೇಳಿದಳು. “ಇವತ್ತು ಉಣ್ಮೆ. ನಾಳಿಂದ ಪಕ್ಸ. ನಮ್ಮ ಸತ್ತೋರು ಮನೇಗೆ ಬರೋ ದಿನಗಳು. ಅವ್ರು ಬಂದು ಉಂಡು ಓಗೋಗಂಟ ಒಸಬ್ರನ್ನ ಒಳಕ್ಕೆ ಬುಡಾಕಿಲ್ಲ. ಇವತ್ತು ದೀಪ ಅಚ್ಚೋದ್ರೊಳಗೆ ಆಲು ಉಕ್ಕಿಸ್ತೀರಾ, ಮನೆ ನಿಮ್ದು, ಆಮೇಲೆ ಸಾಮಾನು ಯಾವಾಗಾರ ತಕ್ಕೊಂಡ್ ಬನ್ನಿ. ಇಲ್ಲಾಂದ್ರೆ ಅಮಾಸೆ ಕಳ್ಕೊಂಡು ಬನ್ನಿ.”

ಅಮಾವಾಸ್ಯೆ ಕಳೆದು! ಅಷ್ಟರಲ್ಲಿ ಚಿಕ್ಕಪ್ಪ ಅವಳಿಗೆ ಗಂಡನ್ನೇ ಗೊತ್ತು ಮಾಡಿರುತ್ತಾನೆ. ನಂದೀಶ ಮೆಟ್ಟಿಲುಗಳನ್ನು ಹಾರಿ ಇಳಿದು ಮೂಲೆಯ ಅಂಗಡಿಯಿಂದ ಹಾಲಿನ ಪ್ಯಾಕೆಟ್ಟು ತಂದ. ಮುದುಕಿ ಇಂಥದ್ದಕ್ಕೆಂದೇ ಇಟ್ಟುಕೊಂಡಿದ್ದ ಪುಟ್ಟ ಗ್ಯಾಸ್ ಒಲೆಯನ್ನು ತಂದು ಪೂರ್ವಕ್ಕೆ ಮುಖ ಮಾಡಿ ಇಟ್ಟಳು. ಪಾತ್ರೆ ಮಾತ್ರ ಬಾಡಿಗೆಗೆ ಬರುವವರದೇ ಆಗಬೇಕಂತೆ. ಅವರ ಹತ್ತಿರ ಇದ್ದದ್ದು ಅವನ ಊಟದ ಡಬ್ಬಿ ಒಂದೇ. ಬೇರೆಯವರದರ ಜೊತೆ ಅದಲುಬದಲಾಗದಿರಲೆಂದು ಮೊಳೆಯಲ್ಲಿ ‘ನಂ’ ಎಂದು ಗೀಚಿದ, ಫೌಂಡ್ರಿಯ ಕರಿಧೂಳು ಅಂಚಿಗೆ ಕೂತ ಸ್ಟೀಲಿನ ಡಬ್ಬಿ. ಅದನ್ನು ಅಮೂಲ್ಯಾ ನಲ್ಲಿಯ ಕೆಳಗೆ ಉಜ್ಜಿದಳು, ಬೆರಳು ಕೆಂಪಾಗುವವರೆಗೆ ಉಜ್ಜಿದಳು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಮತ್ತೆ ಉಜ್ಜಿದಳು. ಹಾಲು ಸುರಿದಳು. “ನೀನೇ ಹಚ್ಚೋ ಅಣ್ಣ” ಎಂದಳು.

ಹಚ್ಚಿದ. ಮೂವರೂ ನೋಡುತ್ತ ನಿಂತರು. ಹಾಲು ಮೊದಲು ಸುಮ್ಮನಿತ್ತು, ಕೆನೆಯ ಕೆಳಗೆ ಏನೋ ಹೊರಳಿತು, ಅಂಚಿನಲ್ಲಿ ಸಣ್ಣ ಗುಳ್ಳೆಗಳು ಬಂದವು. ನಂದೀಶನ ಕಣ್ಣು ನಿದ್ದೆಗೆ ಎಳೆಯುತ್ತಿತ್ತು. ಫರ್ನೇಸಿನ ಬಾಯಿಯೂ ಹೀಗೆಯೇ, ಬಿಳಿಯದಲ್ಲ ಅಷ್ಟೇ. ಒದ್ದೆ ತುಣುಕೊಂದು ಒಳಗೆ ಬಿದ್ದರೆ ಕರಗಿದ ಲೋಹ ಹೀಗೆಯೇ ಉಬ್ಬಿ ಮೇಲೇರುತ್ತದೆ. ‘ಏರಿದ್ದು ಕಂಡ್ರೆ ಮೊದ್ಲು ಸ್ವಿಚ್ಚಿಗೆ ಕೈ, ಆಮೇಲೆ ಬಾಯಿ ಕಣೋ ಮಗಾ. ಕೂಗ್ತಾ ನಿಂತ್ರೆ ಸುಟ್ಟೋಗ್ತೀಯ’ ಎಂದು ಫೋರ್‌ಮನ್ ಮುನಿಕೃಷ್ಣ ಮೊದಲ ವಾರವೇ ಕಲಿಸಿದ್ದ. ಹಾಲು ಎದ್ದಿತು. ಡಬ್ಬಿಯ ಅಂಚಿಗೆ ಬಂತು, ಬೆನ್ನು ಉಬ್ಬಿಸಿತು, ಇನ್ನೇನು—

ಟಕ್ಕೆಂದಿತು. ಒಲೆ ಆರಿತ್ತು. ಹಾಲು ನಿಟ್ಟುಸಿರಿಟ್ಟಂತೆ ಕೆಳಗಿಳಿಯಿತು. ಗುಬುಟನ್ನು ತಿರುಗಿಸಿದ ಕೈ ಯಾರದೆಂದು ನಂದೀಶ ಒಂದು ಕ್ಷಣ ನಿಜವಾಗಿಯೂ ಹುಡುಕಿದ.

“ಏನ್ಲಾ ಮಾಡ್ದೆ!” ಚಿಕ್ಕಮುನಿಯಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಉಕ್ಕೋ ಆಲ್ನ ತಡದ್ಯಲ್ಲೋ! ಬಾಗ್ಲಿಗೆ ಬಂದದ್ನ ತಳ್ದಂಗೆ ಆಯ್ತಲ್ಲೋ!” ಆಮೇಲೆ ಅವಳ ದನಿ ಇಳಿಯಿತು, ಇಳಿದದ್ದೇ ಹೆಚ್ಚು ಹೆದರಿಸಿತು. “ಬ್ಯಾಡ ಕಣಪ್ಪ. ಈ ಮನೆ ನಿಮ್ಗೆ ಒಗ್ಗಾಕಿಲ್ಲ ಅಂತೈತೆ. ನಡೀರಿ.”

ಅಮೂಲ್ಯಾ ಬೈಯಲಿಲ್ಲ. ಅವನನ್ನು ನೋಡಲೂ ಇಲ್ಲ. ತೊಳೆದ ಕೈಗಳನ್ನು ದುಪಟ್ಟಾದಲ್ಲಿ ನಿಧಾನ ಒರೆಸಿಕೊಳ್ಳುತ್ತ ಕಿಟಕಿಯ ಕಡೆ ನೋಡುತ್ತಿದ್ದಳು, ಆ ಕಿಟಕಿಯ ಕೆಳಗೆ ಓದುವ ಚಾಪೆ ಎಲ್ಲಿ ಹಾಸಬೇಕೆಂದು ಆಗಲೇ ಗೊತ್ತುಮಾಡಿಕೊಂಡಿದ್ದವಳಂತೆ. ಒಲೆಯನ್ನು ಒದೆಯಬೇಕೆನಿಸಿತು ಅವನಿಗೆ. ಡಬ್ಬಿಯನ್ನು ಗೋಡೆಗೆ ಎಸೆಯಬೇಕೆನಿಸಿತು. ಇಲ್ಲವೆ, ಆಯ್ತು ಅಜ್ಜಿ ಎಂದು ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿಯಬೇಕು. ಇವೆರಡೇ ಅವನಿಗೆ ಬರುತ್ತಿದ್ದದ್ದು. ಪೊರಕೆ ಎಸೆದು ನಡೆದಿದ್ದ, ಲೋಟ ಹಿಡಿದು ತಲೆ ಬಾಗಿಸಿದ್ದ. ಎದ್ದು ಹೊರಟವಳು ಗೇಟಿನ ಚಿಲಕ ಹಾಕಿದ ರೀತಿ ನೆನಪಾಯಿತು. ಅವನು ಚೀಲ ಎತ್ತಿಕೊಳ್ಳಲಿಲ್ಲ.

“ಅಜ್ಜಿ” ಎಂದ. ತನ್ನ ದನಿ ತನಗೇ ಗುರುತು ಸಿಗಲಿಲ್ಲ. “ತಪ್ಪು ನನ್ನ ಕೈಯದು, ಅವಳದಲ್ಲ. ಫೌಂಡ್ರೀಲಿ ನನ್ನ ಕೆಲಸವೇ ಅದು. ಏರೋದು ಕಂಡ್ರೆ ಆರಿಸೋದು. ಕಾದದ್ದು ಮೇಲೆ ಬಂತು ಅಂದ್ರೆ ಕೈ ನನ್ ಮಾತು ಕೇಳಲ್ಲ. ಅವಳು ಮಾಡಿದ್ರೆ ಹೀಗಾಗ್ತಿರ್ಲಿಲ್ಲ. ಇನ್ನೊಂದು ಸಲ ಬಿಡಿ.”

ಚಿಕ್ಕಮುನಿಯಮ್ಮ ಅವನ ಮುಖವನ್ನಲ್ಲ, ಕೈಯನ್ನು ನೋಡಿದಳು. ಹತ್ತಿರ ಬಂದು ಮಣಿಕಟ್ಟು ಹಿಡಿದು ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದಳು. ಮೊಣಕೈವರೆಗೂ ರಾಗಿ ಚೆಲ್ಲಿದಂತೆ ಸುಟ್ಟ ಕಲೆಗಳು, ಕೆಲವು ಹಳೆಯವು, ಕೆಲವು ಇನ್ನೂ ನಸುಗೆಂಪು. ಅಮ್ಮನಿಗೂ ಅವನು ಇವನ್ನು ತೋರಿಸಿರಲಿಲ್ಲ. ಅಮೂಲ್ಯಾ ಕಿಟಕಿಯಿಂದ ತಿರುಗಿದಳು, ನೋಡಿದಳು, ಕಣ್ಣು ತೆಗೆಯಲಿಲ್ಲ.

“ಇದೆಲ್ಲಾ ಏನ್ಲಾ?”

“ಒಂದೊಂದು ಸಲ ಆರಿಸೋದು ತಡ ಆಗ್ತದೆ ಅಜ್ಜಿ.”

ಮುದುಕಿ ತೋಳನ್ನು ಕೆಳಗೆ ಎಳೆದು ಸರಿ ಮಾಡಿದಳು. ಹೊರಗೆ ಹೊತ್ತು ಮುಳುಗಿತ್ತು. ಎದುರಿನ ಕಟ್ಟಡದಲ್ಲಿ ಒಂದೊಂದೇ ಲೈಟು ಹತ್ತಿಕೊಳ್ಳುತ್ತಿತ್ತು, ಎಲ್ಲೋ ಗಂಟೆ ಬಾರಿಸಿದರು. ಕೆಳಗಿನಿಂದ ಅವಳ ಸೊಸೆ ಕೂಗಿದಳು. “ಅತ್ತೇ, ಕತ್ಲಾಯ್ತು, ದೀಪ ಅಚ್ಲಾ?”

“ಗೌರೀ, ಕಡ್ಡಿಪೆಟ್ಗೆ ಮುಟ್ಟೀಯಾ ಜೋಕೆ!” ಮುದುಕಿಯ ದನಿಗೆ ಮೆಟ್ಟಿಲೆಲ್ಲ ಮೊಳಗಿತು. “ಲೈಟೂ ಆಕ್ಬ್ಯಾಡ. ಇನ್ನೂ ಆಲು ಕೊಡೋದೈತೆ.” ಆಮೇಲೆ ಇವರ ಕಡೆ ತಿರುಗಿ ಗೊಣಗಿದಳು, “ದೀಪ ಅಚ್ಚಿದ ಮ್ಯಾಲೆ ನಮ್ಮನೆ ಆಲು ಇನ್ನೊಬ್ರಿಗೆ ಕೊಡಾಕಿಲ್ಲ. ನಮ್ಮತ್ತೆ ಕಾಲ್ದಿಂದ ಕೊಟ್ಟಿಲ್ಲ. ಅಂಗಡಿ ಆಲು ನಿನ್ ಕೈಗೆ ಎದ್ರಿ ನಿಂತೋಯ್ತು. ಬಾ, ನಮ್ ಅಸೂನ ಕರ್ದು ಕೊಡ್ತೀನಿ. ಅದು ಯಾರಿಗೂ ಎದ್ರಾಕಿಲ್ಲ.”

ನಂದೀಶ ಡಬ್ಬಿ ಹಿಡಿದು ಅವಳ ಹಿಂದೆ ಇಳಿದ. ಆ ಮುಸ್ಸಂಜೆಯನ್ನು ಅವನು ಆಮೇಲೆ ಫರ್ನೇಸಿನ ಮುಂದೆ ನಿಂತಾಗಲೆಲ್ಲ ನೆನೆಯುವವನಿದ್ದ. ಓಣಿಯ ಮನೆಗಳೆಲ್ಲ ಬೆಳಗಿದ್ದವು, ಈ ನಾಲ್ಕು ಮಹಡಿಯ ಬುಡ ಮಾತ್ರ ಕತ್ತಲಾಗಿತ್ತು. ಮೇಲಿನ ಮಹಡಿಯ ಹುಡುಗರು ಸ್ಕೂಟರು ತೆಗೆಯಲು ಬಂದು, “ಏನಜ್ಜಿ, ಕರೆಂಟ್ ಹೋಯ್ತಾ?” ಎಂದು ಕೇಳಿದರೆ “ಊಂ, ನನ್ ಮನೇದು ಓಗೈತೆ, ನಿಮ್ದೇನು?” ಎನ್ನುತ್ತ ಅವಳು ಕತ್ತಲಲ್ಲೇ ಕುಕ್ಕರುಗಾಲಲ್ಲಿ ಕೂತು ಕೆಚ್ಚಲಿಗೆ ನೀರು ಚಿಮುಕಿಸಿದಳು. ಹಾಲು ಡಬ್ಬಿಯ ತಳಕ್ಕೆ ಸೊರ್ ಸೊರ್ ಎಂದು ಬೀಳತೊಡಗಿತು. ಹೊಸಿಲಲ್ಲಿ ಗೌರಮ್ಮ ಬತ್ತಿ ಹೊಸೆದ ದೀಪ ಹಿಡಿದು ಹಚ್ಚದೆ ನಿಂತಿದ್ದಳು. ಗುರುತಿಲ್ಲದ ಒಬ್ಬ ಹುಡುಗಿಗಾಗಿ ಈ ಮುದುಕಿ ತನ್ನ ನೇಮವನ್ನು ಮುರಿಯಲಿಲ್ಲ, ಸಡಿಲ ಮಾಡಲೂ ಇಲ್ಲ. ಸಂಜೆಗೇ ‘ತಡಿ’ ಎಂದು ಹೇಳಿ ಬಾಗಿಲ ಹೊರಗೆ ನಿಲ್ಲಿಸಿದ್ದಳು. ಹೀಗೂ ಬದುಕಬಹುದೆಂದು ತನಗೆ ಯಾರೂ ಹೇಳಿರಲಿಲ್ಲವಲ್ಲ ಎಂದುಕೊಂಡ.

ಮತ್ತೆ ಮೇಲೆ, ಮತ್ತೆ ಅದೇ ಒಲೆ, ಅದೇ ಡಬ್ಬಿ. ಕಿಟಕಿಯಲ್ಲಿ ಹುಣ್ಣಿಮೆಯ ಬೆಳಕು ಇನ್ನೂ ಬಂದಿರಲಿಲ್ಲ. ನೀಲಿ ಉರಿಯೊಂದೇ ಮೂವರ ಗಲ್ಲಗಳನ್ನು ಕೆಳಗಿನಿಂದ ಬೆಳಗಿತ್ತು. ಅವನು ಒಲೆಯನ್ನು ತಂಗಿಗೆ ಬಿಟ್ಟು ಹಿಂದೆ ಸರಿಯಹೋದ.

“ನೀನೇ ಹಚ್ಚಿರೋದು, ನೀನೇ ನಿಂತ್ಕೋ” ಎಂದಳು ಅಮೂಲ್ಯಾ.

“ಕೈ ಹಿಡ್ಕೋ ಹಾಗಾದ್ರೆ.”

“ಹಿಡ್ಕೊಳ್ಳಲ್ಲ. ನೀನೇನು ಚಿಕ್ಕ ಮಗೂನಾ?”

ಹಸುವಿನ ಹಾಲು ದಪ್ಪ, ಕಾಯಲು ಹೊತ್ತು ಹಿಡಿಯಿತು. ಕೆನೆ ಸುಕ್ಕಾಯಿತು. ನಡುವೆ ಒಂದು ಗುಳ್ಳೆ ಒಡೆಯಿತು. ಆಮೇಲೆ ಇಡೀ ಬಿಳುಪು ಒಮ್ಮೆಗೇ ಎದ್ದಿತು, ಮತ್ತು ಅವನ ಬಲಗೈ ಅವನನ್ನು ಕೇಳದೆ ಮುಂದೆ ಹೋಯಿತು. ಗುಬುಟಿನ ಹತ್ತಿರದವರೆಗೆ ಹೋಯಿತು, ಬೆರಳುಗಳಿಗೆ ಕಾವು ತಾಗಿತು, ನರಗಳೆಲ್ಲ ಆರಿಸು ಆರಿಸು ಎಂದವು. ಅಲ್ಲೇ ನಿಂತಿತು. ಹಾಲು ಅಂಚನ್ನು ದಾಟಿತು, ‘ನಂ’ ಎಂದು ಗೀಚಿದ ಅಕ್ಷರದ ಮೇಲೆ ಇಳಿಯಿತು, ಪೂರ್ವದ ಕಡೆ ಬಾಗಿ ಉರಿಗೆ ಬಿದ್ದು ಚುರ್ರೆಂದು, ಕಲ್ಲುಚಪ್ಪಡಿಯ ಮೇಲೆ ಹರಿಯಿತು. ಸುಟ್ಟ ಹಾಲಿನ ವಾಸನೆ ರೂಮಿನ ತುಂಬ ತುಂಬಿತು. ಏನೂ ಸ್ಫೋಟಿಸಲಿಲ್ಲ. ಯಾರೂ ಸುಡಲಿಲ್ಲ.

“ಗೌರೀ, ಅಚ್ಚೇ!” ಎಂದು ಚಿಕ್ಕಮುನಿಯಮ್ಮ ಮೆಟ್ಟಿಲ ಕಡೆ ಕೂಗಿದಳು. ಕೆಳಗೆ ಕಡ್ಡಿ ಗೀರಿದ ಸದ್ದು. ಕೆಳಗಿನ ಮನೆಯಲ್ಲೂ ಮೆಟ್ಟಿಲುಗಳಲ್ಲೂ ಒಂದರ ಹಿಂದೊಂದು ಲೈಟು ಹತ್ತಿದವು. “ಸಾಕು, ಈಗ ಆರ್ಸಪ್ಪ” ಎಂದು ಅವಳು ನಗುತ್ತ ಅವನ ಬೆನ್ನು ತಟ್ಟಿದಳು.

“ತಡಿ ಅಜ್ಜಿ” ಎಂದ ನಂದೀಶ, ಕೈಯನ್ನು ಹಿಂದಕ್ಕೆಳೆದುಕೊಂಡು. “ಇನ್ನೊಂದು ಚೂರು ಉಕ್ಕಲಿ.”